ಚಾಲಕನ ಸೀಟಿನಿಂದ ನೋಡಿದ ನಿಯಮಗಳು

ಕೋವಿಡ್ ಲಾಕ್‌ಡೌನ್‌ನಿಂದ ನಿಂತಿದ್ದ ಬಸ್ಸು, ಆಟೋ ಮತ್ತು ಟ್ಯಾಕ್ಸಿಗಳು ಕರ್ನಾಟಕದಲ್ಲಿ 2020ರ ಮೇ 19ರಂದು ಮತ್ತೆ ರಸ್ತೆಗಿಳಿಯಲು ಅನುಮತಿ ಸಿಕ್ಕಿದಾಗ, ಅದರ ಜೊತೆಗೆ ಬಂದ ಮುಖ್ಯ ಷರತ್ತು ತಲೆಗಳ ಎಣಿಕೆಯದಾಗಿತ್ತು. ಬಸ್ಸಿನಲ್ಲಿ ಮೂವತ್ತು ಜನ, ಟ್ಯಾಕ್ಸಿ ಮತ್ತು ಆಟೋದಲ್ಲಿ ಚಾಲಕನನ್ನು ಬಿಟ್ಟು ಇಬ್ಬರು. ಆಗ ನಾನು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ನೌಕರರನ್ನು ಕರೆತಂದು ಮನೆಗೆ ಬಿಡುವ ಕ್ಯಾಬುಗಳ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದೆ. ಚಾಲಕರಿಗೆ ಮತ್ತು ನೌಕರರಿಗೆ ಕೊಡಬೇಕಾದ ಸೂಚನೆಗಳನ್ನು ಬರೆಯುವ ಕೆಲಸವೂ ನನ್ನ ಪಾಲಿಗೆ ಬಂದಿದ್ದರಿಂದ, ಕೇಂದ್ರ ಗೃಹ ಸಚಿವಾಲಯದ ಆದೇಶಗಳಿಂದ ಹಿಡಿದು ಆ್ಯಪ್ ಕಂಪನಿಗಳ ಪ್ರಕಟಣೆಗಳವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಬೇಕಾಯಿತು. ಅವುಗಳಲ್ಲಿ ಹೆಚ್ಚಿನವು ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದವು: ಹಿಂದಿನ ಸೀಟಿನಲ್ಲಿ ಕೂತವರಿಗೆ ಈ ಕಾರು ಸುರಕ್ಷಿತವೇ? ಮುಂದೆ ಸ್ಟೇರಿಂಗ್ ಹಿಡಿದು ಕೂತವನಿಗೆ ಸುರಕ್ಷಿತವೇ ಎಂಬ ಪ್ರಶ್ನೆ ಎಲ್ಲೋ ಕೊನೆಯಲ್ಲಿ ಬರುತ್ತಿತ್ತು, ಇಲ್ಲವೇ ಬರುತ್ತಲೇ ಇರಲಿಲ್ಲ.

ನಮ್ಮಲ್ಲಿ ಗುತ್ತಿಗೆಯ ಮೇಲೆ ಗಾಡಿ ಓಡಿಸುತ್ತಿದ್ದ ಹಿರಿಯ ಚಾಲಕರೊಬ್ಬರು ಈ ಕೊರತೆಯನ್ನು ಒಂದು ಮಾತಿನಲ್ಲಿ ಹೇಳಿದರು. "ಸಾರ್, ಹಿಂದೆ ಕೂತವರು ಅರ್ಧ ಗಂಟೆಗೆ ಇಳಿದು ಹೋಗ್ತಾರೆ, ಅವರು ಬಿಟ್ಟ ಗಾಳಿ ಜೊತೆ ಇಡೀ ದಿನ ಇರೋರು ನಾವು." ಸೋಂಕಿನ ಲೆಕ್ಕಾಚಾರವೂ ಇದನ್ನೇ ಹೇಳುತ್ತದೆ. ಪ್ರಯಾಣಿಕನೊಬ್ಬ ದಿನಕ್ಕೆ ಒಬ್ಬ ಅಥವಾ ಇಬ್ಬರು ಚಾಲಕರ ಜೊತೆ ಕೂರುತ್ತಾನೆ, ಚಾಲಕನಾದರೋ ಬೆಳಗಿನಿಂದ ರಾತ್ರಿಯವರೆಗೆ ಒಬ್ಬರಾದ ಮೇಲೊಬ್ಬರಂತೆ ಅಪರಿಚಿತರ ಜೊತೆ ಅದೇ ಸಣ್ಣ ಡಬ್ಬಿಯೊಳಗೆ ಉಸಿರಾಡುತ್ತಾನೆ. ಥಾಯ್ಲೆಂಡಿನಲ್ಲಿ 2020ರ ಜನವರಿ ಕೊನೆಯಲ್ಲಿ, ದೇಶದ ಹೊರಗೆ ಹೋಗದೆಯೇ ಸೋಂಕು ತಗುಲಿಸಿಕೊಂಡ ಮೊದಲ ವ್ಯಕ್ತಿ ಎಂದು ಗುರುತಿಸಲಾದವರು ಚೀನಾದ ಪ್ರವಾಸಿಗರನ್ನು ಕೂರಿಸಿಕೊಂಡಿದ್ದ ಟ್ಯಾಕ್ಸಿ ಚಾಲಕರೊಬ್ಬರು. ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯು ಅದೇ ವರ್ಷದ ಮೇ ತಿಂಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾವುಗಳನ್ನು ವೃತ್ತಿವಾರು ಪ್ರಕಟಿಸಿತು. ಅದರ ಪ್ರಕಾರ ದುಡಿಯುವ ವಯಸ್ಸಿನ ಪುರುಷರಲ್ಲಿ ಕೋವಿಡ್ ಸಾವು ಲಕ್ಷಕ್ಕೆ 9.9 ಇದ್ದರೆ, ಟ್ಯಾಕ್ಸಿ ಮತ್ತು ಬಾಡಿಗೆ ಕಾರು ಚಾಲಕರಲ್ಲಿ 36.4 ಇತ್ತು. ಈ ಲೆಕ್ಕದಲ್ಲಿ ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಲಾಗಿತ್ತೇ ಹೊರತು ವಾಸಿಸುವ ಪ್ರದೇಶ, ಮೊದಲೇ ಇದ್ದ ಕಾಯಿಲೆ, ಜನಾಂಗ ಮುಂತಾದ ಕಾರಣಗಳನ್ನು ಬೇರ್ಪಡಿಸಿರಲಿಲ್ಲ. ಆದ್ದರಿಂದ ಎಲ್ಲವನ್ನೂ ಕಾರಿನ ತಲೆಗೆ ಕಟ್ಟುವುದು ತಪ್ಪಾಗುತ್ತದೆ. ಹಾಗಿದ್ದರೂ, ನಿಯಮ ಬರೆಯುವವರು ಮೊದಲು ಯಾರ ಸೀಟಿನಲ್ಲಿ ಕೂತು ಯೋಚಿಸಬೇಕಿತ್ತು ಎಂಬುದಕ್ಕೆ ಇಷ್ಟು ಸಾಕು.

ಇನ್ನು ಕಾರಿನೊಳಗಿನ ಗಾಳಿಯ ವಿಷಯ. ಸಾಧಾರಣ ಸಣ್ಣ ಕಾರಿನ ಒಳಗೆ ಹೆಚ್ಚುಕಡಿಮೆ 3 ಘನ ಮೀಟರ್, ಅಂದರೆ ಸುಮಾರು 3000 ಲೀಟರ್ ಗಾಳಿ ಹಿಡಿಯುತ್ತದೆ. ಸುಮ್ಮನೆ ಕೂತ ದೊಡ್ಡವರೊಬ್ಬರು ನಿಮಿಷಕ್ಕೆ ಆರೇಳು ಲೀಟರ್ ಗಾಳಿಯನ್ನು ಎಳೆದು ಬಿಡುತ್ತಾರೆ. ನಾಲ್ಕು ಜನ ಕಿಟಕಿ ಏರಿಸಿ, ಹೊರಗಾಳಿಯ ದಾರಿಯನ್ನೂ ಮುಚ್ಚಿ, ಎಲೆಕ್ಟ್ರಾನಿಕ್ ಸಿಟಿಯಿಂದ ಹೆಬ್ಬಾಳದವರೆಗೆ ಒಂದು ಗಂಟೆಗೂ ಮಿಕ್ಕಿ ಪ್ರಯಾಣ ಮಾಡಿದರೆ, ಆ ಕಾರಿನ ಒಟ್ಟು ಗಾಳಿಯ ಅರ್ಧಕ್ಕಿಂತ ಹೆಚ್ಚಿನ ಪ್ರಮಾಣ ಯಾರಾದರೊಬ್ಬರ ಶ್ವಾಸಕೋಶದೊಳಗೆ ಹೋಗಿ ಬಂದಿರುತ್ತದೆ. ಇಂಥ ಜಾಗದಲ್ಲಿ ಆರು ಅಡಿ ಅಂತರದ ಮಾತಿಗೆ ಅರ್ಥವಿಲ್ಲ, ಏಕೆಂದರೆ ಕಾರಿನೊಳಗೆ ಆರು ಅಡಿ ಸಿಗುವುದೇ ಇಲ್ಲ. ನಾಲ್ವರನ್ನು ಇಬ್ಬರಿಗೆ ಇಳಿಸಿದ್ದರಿಂದ ಲಾಭವಾಗಲಿಲ್ಲ ಎಂದಲ್ಲ, ಸೋಂಕಿತರು ಕಾರಿನೊಳಗೆ ಇರುವ ಸಂಭವವೇ ಅಷ್ಟರ ಮಟ್ಟಿಗೆ ತಗ್ಗಿತು. ಆದರೆ ಇಬ್ಬರಲ್ಲಿ ಒಬ್ಬರು ಸೋಂಕಿತರಾಗಿದ್ದು ಕಿಟಕಿ ಮುಚ್ಚಿದ್ದರೆ, ಎಣಿಕೆಯ ನಿಯಮವನ್ನು ಅಕ್ಷರಶಃ ಪಾಲಿಸಿದ ಚಾಲಕನಿಗೆ ಅದರಿಂದ ಯಾವ ರಕ್ಷಣೆಯೂ ಇರಲಿಲ್ಲ.

ಆ ದಿನಗಳಲ್ಲಿ ನಮ್ಮ ಶ್ರಮವೆಲ್ಲ ಹೋದದ್ದು ಒರೆಸುವುದಕ್ಕೆ. ಶೇಕಡಾ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಅದು ಲೋಹವನ್ನು ತಿನ್ನುತ್ತದೆಂದು ಹಿಡಿಕೆಗಳಿಗೆ ಬೇರೆ ಆಲ್ಕೊಹಾಲ್ ದ್ರವ, ಪ್ರತಿ ಟ್ರಿಪ್ ಮುಗಿದ ಮೇಲೆ ಬಾಗಿಲ ಹಿಡಿ, ಸೀಟ್ ಬೆಲ್ಟಿನ ಕೊಂಡಿ, ಕಿಟಕಿಯ ಗುಂಡಿಗಳನ್ನು ಒರೆಸಿ ಟ್ರಿಪ್ ಶೀಟಿನಲ್ಲಿ ಸಹಿ. ವೈರಾಣು ಪ್ಲಾಸ್ಟಿಕ್ಕಿನ ಮೇಲೆ ಮೂರು ದಿನದವರೆಗೂ ಪತ್ತೆಯಾಗಬಲ್ಲದು ಎಂಬ ಪ್ರಯೋಗಾಲಯದ ವರದಿ 2020ರ ಮಾರ್ಚ್‌ನಲ್ಲಿಯೇ ಬಂದಿದ್ದರಿಂದ, ತಿಳಿವಳಿಕೆ ಇದ್ದಷ್ಟಕ್ಕೆ ಅದು ಸರಿಯಾದ ಎಚ್ಚರಿಕೆಯೇ ಆಗಿತ್ತು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ, ಸೋಂಕು ಅಂಟಿದ ಮೇಲ್ಮೈಯನ್ನು ಒಮ್ಮೆ ಮುಟ್ಟುವುದರಿಂದ ರೋಗ ಬರುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ ಎಂದು ಹೇಳಿತು. ಆ ಹೊತ್ತಿಗೆ ಗಾಳಿಯ ಕಡೆಯ ಸಾಕ್ಷ್ಯಗಳು ಸಾಕಷ್ಟು ಸೇರಿದ್ದವು. ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ 2020ರ ಜನವರಿಯಲ್ಲಿ ಪ್ರಾರ್ಥನಾ ಕಾರ್ಯಕ್ರಮವೊಂದಕ್ಕೆ ಹೋಗಿಬಂದ ಬಸ್ಸಿನ 68 ಜನರಲ್ಲಿ ಒಬ್ಬರಿಂದ 23 ಜನರಿಗೆ ಸೋಂಕು ತಗುಲಿತ್ತು. ಆ ಬಸ್ಸಿನ ಎಸಿ ಒಳಗಿನ ಗಾಳಿಯನ್ನೇ ತಿರುತಿರುಗಿಸುತ್ತಿತ್ತು, ಮತ್ತು ದೂರದ ಸೀಟುಗಳಲ್ಲಿ ಕೂತವರೂ ಹೆಚ್ಚುಕಡಿಮೆ ಹತ್ತಿರದವರಷ್ಟೇ ಅಪಾಯದಲ್ಲಿದ್ದರು. ಒರೆಸುವ ಕೆಲಸವನ್ನು ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ದಿನಕ್ಕೊಮ್ಮೆ ಸೋಪಿನ ನೀರಿನಲ್ಲಿ ಒರೆಸಿ, ಹತ್ತುವವರ ಕೈಗೆ ಸ್ಯಾನಿಟೈಸರ್ ಕೊಟ್ಟರೆ ಸಾಕಾಗುತ್ತದೆ. ಉಳಿದ ಸಮಯವನ್ನು, ಒಬ್ಬರು ಇಳಿದು ಇನ್ನೊಬ್ಬರು ಹತ್ತುವ ನಡುವೆ ನಾಲ್ಕೂ ಬಾಗಿಲು ತೆರೆದು ಕಾರನ್ನು ಕೆಲವು ನಿಮಿಷ ಹಾಗೇ ನಿಲ್ಲಿಸುವುದಕ್ಕೆ ಕೊಡಬೇಕು. ಚಾಲಕನೂ ಆ ಹೊತ್ತಿನಲ್ಲಿ ಕೆಳಗಿಳಿದು ಮಾಸ್ಕ್ ತೆಗೆದು ನೀರು ಕುಡಿಯಬಹುದು.

ಕಿಟಕಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಖರ್ಚಿಲ್ಲದ ರಕ್ಷಣೆ ಇದೊಂದೇ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸುಮಾರು 80 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರಿನೊಳಗೆ ಗಾಳಿ ಹೇಗೆ ಹರಿಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಒಬ್ಬ ಚಾಲಕ, ಹಿಂದೆ ಅವನಿಂದ ಓರೆಯಾಗಿ ಇನ್ನೊಂದು ಮೂಲೆಯಲ್ಲಿ ಒಬ್ಬ ಪ್ರಯಾಣಿಕ. ನಾಲ್ಕೂ ಕಿಟಕಿ ತೆರೆದಿದ್ದರೆ ಎಲ್ಲಕ್ಕಿಂತ ಒಳ್ಳೆಯದು, ಎಲ್ಲ ಮುಚ್ಚಿ ಎಸಿ ಹಾಕಿದರೆ ಎಲ್ಲಕ್ಕಿಂತ ಕೆಟ್ಟದ್ದು ಎಂಬ ತೀರ್ಮಾನದಲ್ಲಿ ಆಶ್ಚರ್ಯವೇನೂ ಇಲ್ಲ. ಎರಡೇ ಕಿಟಕಿ ತೆರೆಯುವುದಾದರೆ ಯಾವ ಎರಡು ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಮಾತ್ರ ನಮ್ಮ ರೂಢಿಗೆ ವಿರುದ್ಧವಾಗಿದೆ. ಓಡುವ ಕಾರಿನಲ್ಲಿ ಹಿಂದಿನ ಕಿಟಕಿಗಳ ಬಳಿ ಗಾಳಿಯ ಒತ್ತಡ ಹೆಚ್ಚು, ಮುಂದಿನ ಕಿಟಕಿಗಳ ಬಳಿ ಕಡಿಮೆ. ಹಾಗಾಗಿ ಗಾಳಿ ಹಿಂದಿನಿಂದ ಒಳಗೆ ಬಂದು ಮುಂದಿನಿಂದ ಹೊರಹೋಗುತ್ತದೆ. ತಾವು ಕೂತ ಪಕ್ಕದ ಕಿಟಕಿಗಳನ್ನು ತೆರೆಯುವುದಕ್ಕಿಂತ ಎದುರು ಬದಿಯ ಕಿಟಕಿಗಳನ್ನು ತೆರೆದರೆ ಇಬ್ಬರ ನಡುವೆ ಗಾಳಿಯ ಹರಿವೊಂದು ಅಡ್ಡ ಬೀಳುತ್ತದೆ. ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ, ಒಬ್ಬರೇ ಪ್ರಯಾಣಿಕರಿದ್ದರೆ ಅವರು ಹಿಂದಿನ ಎಡಬದಿಯಲ್ಲಿ ಕೂರಬೇಕು. ಹಿಂದಿನ ಬಲಗಡೆಯ ಕಿಟಕಿ ಮತ್ತು ಮುಂದಿನ ಎಡಗಡೆಯ ಕಿಟಕಿ ಕಡ್ಡಾಯವಾಗಿ ತೆರೆದಿರಬೇಕು, ಉಳಿದೆರಡು ಅವರವರ ಇಷ್ಟ.

ಆದರೆ ಬೆಂಗಳೂರಿನಲ್ಲಿ 80 ಕಿ.ಮೀ. ವೇಗ ಎಲ್ಲಿದೆ? ವಿಮಾನ ನಿಲ್ದಾಣದ ರಸ್ತೆಯನ್ನು ಬಿಟ್ಟರೆ ಬೇರೆಡೆ ಅದನ್ನು ಕಾಣುವುದು ಅಪರೂಪ, ಮತ್ತು ವೇಗ ಕಡಿಮೆಯಾದಷ್ಟೂ ಒಳಗಿನ ಗಾಳಿ ಬದಲಾಗುವುದೂ ಕಡಿಮೆಯಾಗುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಕಾರಿನ ಕಿಟಕಿ ತೆರೆದರೆ ಒಳಗೆ ಬರುವುದು ಪಕ್ಕದ ಲಾರಿಯ ಹೊಗೆ. ಇಂಥ ಕಡೆ ನಾನು ಚಾಲಕರಿಗೆ ಸೂಚಿಸಿದ ಮಾರ್ಗ ಇದು: ಕಿಟಕಿಗಳನ್ನು ಮೂರು ಬೆರಳಿನಷ್ಟಾದರೂ ಇಳಿಸಿ, ಡ್ಯಾಶ್‌ಬೋರ್ಡಿನಲ್ಲಿ ಕಾರಿನ ಚಿತ್ರದೊಳಗೆ ಬಾಣವೊಂದು ಸುತ್ತುತ್ತಿರುವ ಗುಂಡಿಯನ್ನು ಆಫ್ ಮಾಡಿ, ಫ್ಯಾನನ್ನು ಹೆಚ್ಚಿನ ವೇಗದಲ್ಲಿಡಿ. ಈ ಗುಂಡಿ ಆನ್ ಇದ್ದಾಗ ಎಸಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಂಪು ಮಾಡುತ್ತದೆ, ಆಫ್ ಇದ್ದಾಗ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಧೂಳು ಮತ್ತು ಡೀಸೆಲ್ ಉಳಿತಾಯದ ಕಾರಣಕ್ಕೆ ಹೆಚ್ಚಿನ ಚಾಲಕರು ಅದನ್ನು ವರ್ಷವಿಡೀ ಆನ್ ಇಟ್ಟಿರುತ್ತಾರೆ, ಅದರ ಕೆಲಸವೇನೆಂದು ಅವರಿಗೆ ಯಾರೂ ಹೇಳಿಯೂ ಇರುವುದಿಲ್ಲ. ಚಾಲಕರ ತರಬೇತಿಯಲ್ಲಿ ಕೈತೊಳೆಯುವ ವಿಧಾನಕ್ಕೆ ಕೊಟ್ಟಷ್ಟು ಸಮಯವನ್ನು ಈ ಒಂದು ಗುಂಡಿಗೆ ಕೊಟ್ಟಿದ್ದರೂ ಎಷ್ಟೋ ಪ್ರಯೋಜನವಾಗುತ್ತಿತ್ತು.

ಪ್ಲಾಸ್ಟಿಕ್ ಪರದೆಯ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನವಿತ್ತು. ಮುಂದಿನ ಸೀಟುಗಳ ಹಿಂದೆ ಪಾರದರ್ಶಕ ಹಾಳೆಯನ್ನು ಕಟ್ಟಿದರೆ ಕೆಮ್ಮಿದಾಗ ಸಿಡಿಯುವ ಹನಿಗಳು ಚಾಲಕನ ಕುತ್ತಿಗೆಗೆ ಬೀಳುವುದು ತಪ್ಪುತ್ತದೆ, ಅಷ್ಟು ನಿಜ. ಆದರೆ ಅಂಚುಗಳಲ್ಲಿ ಸಂದು ಬಿಟ್ಟ ಹಾಳೆ ಹೊಗೆಯಂತೆ ತೇಲುವ ಸೂಕ್ಷ್ಮ ಕಣಗಳನ್ನು ತಡೆಯುವುದಿಲ್ಲ. ಸಣ್ಣ ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಎಸಿ ಗಾಳಿ ಬರುವುದು ಮುಂದಿನಿಂದ ಮಾತ್ರ, ಪರದೆ ಬಿದ್ದ ಮೇಲೆ ಹಿಂದೆ ಕೂತವರಿಗೆ ಸೆಖೆ. ಸೆಖೆ ತಾಳಲಾರದೆ ಅವರು ಮಾಸ್ಕನ್ನು ಗದ್ದಕ್ಕೆ ಇಳಿಸುತ್ತಾರೆ. ಪರದೆ ಇದೆಯಲ್ಲ ಎಂಬ ಧೈರ್ಯದಲ್ಲಿ ಕಿಟಕಿಯನ್ನೂ ಏರಿಸುತ್ತಾರೆ. ಪರದೆ ಕಟ್ಟುವುದಾದರೆ ಕಿಟಕಿಯ ನಿಯಮವನ್ನು ಸಡಿಲಿಸಕೂಡದು ಎಂದು ನಮ್ಮ ಸೂಚನಾ ಪತ್ರದಲ್ಲಿ ದಪ್ಪ ಅಕ್ಷರಗಳಲ್ಲಿ ಹಾಕಿಸಿದ್ದೆ.

ಮಾಸ್ಕಿನ ಬಗ್ಗೆ ಆಗ ನಡೆದ ಚರ್ಚೆ ಬೇರೆಯೇ ದಿಕ್ಕಿಗೆ ಹೋಯಿತು. ಕಾರಿನಲ್ಲಿ ಒಬ್ಬರೇ ಇದ್ದಾಗ ಮಾಸ್ಕ್ ಬೇಕೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು, ಒಬ್ಬರೇ ಇದ್ದರೂ ಬೇಕು ಎಂದು ದೆಹಲಿ ಹೈಕೋರ್ಟ್ 2021ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಬಾಡಿಗೆ ಕಾರಿನ ಮಟ್ಟಿಗೆ ನಿಜವಾದ ತೊಂದರೆ ಇದ್ದದ್ದು ಫೋನಿನಲ್ಲಿ. ಹತ್ತುವಾಗ ಸರಿಯಾಗಿಯೇ ಮಾಸ್ಕ್ ಧರಿಸಿದವರು, ಕರೆ ಬಂದೊಡನೆ ಅದನ್ನು ಕೆಳಗೆಳೆದು ಜೋರಾಗಿ ಮಾತಿಗಿಳಿಯುತ್ತಿದ್ದರು. ಮೌನವಾಗಿ ಕೂತವರಿಗಿಂತ ಮಾತನಾಡುವವರ, ಅದರಲ್ಲೂ ಗಟ್ಟಿಯಾಗಿ ಮಾತನಾಡುವವರ ಬಾಯಿಂದ ಹೊರಬೀಳುವ ಕಣಗಳು ಎಷ್ಟೋ ಪಟ್ಟು ಹೆಚ್ಚು. ಕ್ಯಾಬಿನಲ್ಲಿ ಫೋನ್ ಕರೆ ಬೇಡ, ತುರ್ತಾದರೆ ಮಾಸ್ಕ್ ಇಳಿಸದೆ ಸಂಕ್ಷಿಪ್ತವಾಗಿ ಮಾತನಾಡಬೇಕು ಎಂಬ ಸೂಚನೆಗೆ ನೌಕರರಿಂದ ಬಂದಷ್ಟು ಆಕ್ಷೇಪ ಬೇರೆ ಯಾವುದಕ್ಕೂ ಬರಲಿಲ್ಲ. ಮೀಟಿಂಗ್‌ಗಳೆಲ್ಲ ಫೋನಿಗೆ ಬಂದು ಕೂತಿದ್ದ ಕಾಲ ಅದು, ಅವರ ಕಷ್ಟವೂ ಸುಳ್ಳಲ್ಲ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಹೊತ್ತಿನಲ್ಲಿ ನಮ್ಮ ಕಣ್ಣೆದುರಿಗೇ ಇದ್ದ ಆಟೋವನ್ನು ಯಾರೂ ಮೆಚ್ಚಿಕೊಳ್ಳಲಿಲ್ಲ. ಎಸಿ ಕಾರು ಸುರಕ್ಷಿತ, ಬೀದಿಯ ಆಟೋ ಅಪಾಯ ಎಂಬುದೇ ಮಧ್ಯಮ ವರ್ಗದ ನಂಬಿಕೆಯಾಗಿತ್ತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಭಾರತದ ವಾಹನಗಳನ್ನೇ ತೆಗೆದುಕೊಂಡು 2021ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ, ಆಟೋಕ್ಕೆ ಹೋಲಿಸಿದರೆ ಕಿಟಕಿ ಮುಚ್ಚಿದ ಎಸಿ ಟ್ಯಾಕ್ಸಿಯಲ್ಲಿ ಸೋಂಕು ತಗುಲುವ ಸಂಭವ ಸುಮಾರು 300 ಪಟ್ಟು ಹೆಚ್ಚು. ಇದು ಮಾದರಿಯೊಂದರ ಲೆಕ್ಕ, ರಸ್ತೆಯಲ್ಲಿ ರೋಗಿಗಳನ್ನು ಎಣಿಸಿ ಹೇಳಿದ ಮಾತಲ್ಲ. ಆದರೂ ಎರಡೂ ಬದಿ ತೆರೆದ ವಾಹನದಲ್ಲಿ ಗಾಳಿ ಕೂಡಿಕೊಳ್ಳುವುದಿಲ್ಲ ಎಂಬುದಕ್ಕೆ ವಿಜ್ಞಾನಿಗಳ ಸಾಕ್ಷಿಯೂ ಬೇಕಿಲ್ಲ. ಹತ್ತಿರದ ಪ್ರಯಾಣಕ್ಕೆ, ಅದರಲ್ಲೂ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೆ, ಮಳೆಯಿಲ್ಲದ ದಿನ ನಾನು ಆಟೋವನ್ನೇ ಹೇಳುತ್ತಿದ್ದೆ. ಮಳೆಗಾಲದಲ್ಲಿ ಪಕ್ಕದ ಟಾರ್ಪಾಲನ್ನು ಬಿಗಿಯಾಗಿ ಇಳಿಸಿಬಿಟ್ಟರೆ ಆ ಅನುಕೂಲವೂ ಕಡಿಮೆಯಾಗುತ್ತದೆ.

ಕಾರು ಹಂಚಿಕೊಳ್ಳುವುದರಲ್ಲಿ ಎರಡು ಬಗೆ ಇವೆ, ಎರಡಕ್ಕೂ ಒಂದೇ ನಿಯಮ ಹೊಂದುವುದಿಲ್ಲ. ಆ್ಯಪ್‌ನಲ್ಲಿ ದಾರಿಯುದ್ದಕ್ಕೂ ಅಪರಿಚಿತರನ್ನು ಹತ್ತಿಸಿಕೊಳ್ಳುವ ಪೂಲ್ ಸೇವೆಯನ್ನು ಓಲಾ ಮತ್ತು ಊಬರ್ 2020ರ ಮಾರ್ಚ್‌ನಲ್ಲಿ, ದೇಶಾದ್ಯಂತ ಲಾಕ್‌ಡೌನ್ ಬರುವ ಮೊದಲೇ ನಿಲ್ಲಿಸಿದವು, ಅದು ಸರಿಯಾದ ತೀರ್ಮಾನವಾಗಿತ್ತು. ಒಂದೇ ಬಡಾವಣೆಯ, ಒಂದೇ ಪಾಳಿಯ ಮೂವರು ದಿನವೂ ಒಟ್ಟಿಗೆ ಹೋಗುವುದು ಬೇರೆ ಬಗೆಯದು. ಅಲ್ಲಿ ಮುಖ್ಯವಾದದ್ದು ಗುಂಪನ್ನು ಬದಲಿಸದಿರುವುದು. ಅದೇ ಮೂವರು, ಅದೇ ಕಾರು, ಅದೇ ಚಾಲಕ. ಕ್ಯಾಬ್ ರೋಸ್ಟರ್ ಮಾಡುವವರು ಸಾಮಾನ್ಯವಾಗಿ ಕಿಲೋಮೀಟರ್ ಉಳಿಸುವುದಕ್ಕೆ ಪ್ರತಿದಿನ ಜನರನ್ನು ಬೆರೆಸಿ ಹೊಸ ರೂಟ್ ಹಾಕುತ್ತಾರೆ, ಸಾಫ್ಟ್‌ವೇರ್ ಕೂಡ ಹಾಗೆಯೇ ಮಾಡುತ್ತದೆ. ನಾವು ಆ ಬೆರಕೆಯನ್ನು ನಿಲ್ಲಿಸಿ, ಖರ್ಚು ಹೆಚ್ಚಾದರೂ ಗುಂಪುಗಳನ್ನು ಹಾಗೆಯೇ ಉಳಿಸಿಕೊಂಡೆವು. ಇದರಿಂದ ಒಬ್ಬರಿಗೆ ಜ್ವರ ಬಂದರೆ ಯಾರ್‍ಯಾರನ್ನು ಮನೆಯಲ್ಲಿರಿಸಬೇಕು ಎಂಬುದು ಕೂಡಲೇ ತಿಳಿಯುತ್ತಿತ್ತು. ಆ ಪಟ್ಟಿಯಲ್ಲಿ ಚಾಲಕನ ಹೆಸರೂ ಇರಬೇಕು ಎಂದು ಬಿಡಿಸಿ ಹೇಳಬೇಕಾಗುತ್ತಿತ್ತು, ಸಂಪರ್ಕಿತರೆಂದರೆ ನೌಕರರು ಮಾತ್ರ ಎಂದು ಎಲ್ಲರೂ ತಿಳಿದಿದ್ದರು.

ನಗರದ ಹೊರಗೆ ಈ ಆಯ್ಕೆಗಳೇ ಇರುವುದಿಲ್ಲ. ಕಲಬುರಗಿ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಕ್ರೂಸರ್ ಮತ್ತು ಟಂಟಂಗಳೇ ಸಾರಿಗೆ, ಗಾಡಿ ತುಂಬದೆ ಹೊರಡುವುದಿಲ್ಲ, ಹೊರಟರೆ ಡೀಸೆಲ್ಲಿಗೂ ಹುಟ್ಟುವುದಿಲ್ಲ. ಎರಡನೆಯ ಅಲೆ ಏರುತ್ತಿದ್ದ 2021ರ ಏಪ್ರಿಲ್‌ನಲ್ಲಿಯೇ ಸಾರಿಗೆ ನಿಗಮಗಳ ನೌಕರರು ವೇತನದ ಬೇಡಿಕೆಯಿಟ್ಟು ಸುಮಾರು ಎರಡು ವಾರ ಮುಷ್ಕರ ಹೂಡಿದಾಗ, ಸರ್ಕಾರ ಬಸ್ ನಿಲ್ದಾಣಗಳಿಂದ ಖಾಸಗಿ ಬಸ್ಸು ಮತ್ತು ಮ್ಯಾಕ್ಸಿ ಕ್ಯಾಬುಗಳನ್ನು ಓಡಿಸಲು ಅವಕಾಶ ಕೊಟ್ಟಿತು. ಯುಗಾದಿ ಹಬ್ಬವೂ ಅದೇ ಎರಡು ವಾರಗಳಲ್ಲಿ ಬಂದಿತ್ತು. ದೊಡ್ಡ ಬಸ್ಸಿನಲ್ಲಿ ಹರಡಿ ಕೂರಬೇಕಾದ ಜನ ಸಣ್ಣ ಗಾಡಿಗಳಲ್ಲಿ ಒತ್ತೊತ್ತಾಗಿ ಊರಿಗೆ ಹೋದರು. ಮುಷ್ಕರದ ನ್ಯಾಯಾನ್ಯಾಯದ ಬಗ್ಗೆ ನಾನಿಲ್ಲಿ ಹೇಳುತ್ತಿಲ್ಲ. ಸೋಂಕಿನ ಕಾಲದಲ್ಲಿ ಬಸ್ಸು ನಿಂತರೆ ಪ್ರಯಾಣ ನಿಲ್ಲುವುದಿಲ್ಲ, ಅದು ಚಿಕ್ಕ ವಾಹನಕ್ಕೆ ತುಂಬಿಕೊಳ್ಳುತ್ತದೆ ಎಂಬುದಷ್ಟೇ ನನ್ನ ಮಾತು. ಅಲ್ಲಿ ಚಾಲಕನಿಗೆ ದಂಡ ಹಾಕುವುದಕ್ಕಿಂತ, ಇಳಿಸಿದ ಸೀಟುಗಳ ಬಾಡಿಗೆಯನ್ನು ಯಾರು ತುಂಬಿಕೊಡುತ್ತಾರೆ ಎಂದು ಹೇಳಿದ್ದರೆ ನಿಯಮ ನಿಲ್ಲುತ್ತಿತ್ತು.

ದುಡ್ಡಿನ ಪ್ರಶ್ನೆ ಇಲ್ಲಿಗೇ ಮುಗಿಯುವುದಿಲ್ಲ. ಜ್ವರವಿದ್ದರೆ ಡ್ಯೂಟಿಗೆ ಬರಬೇಡಿ ಎಂಬ ಸಾಲು ಪ್ರತಿಯೊಂದು ಸೂಚನಾ ಪಟ್ಟಿಯಲ್ಲೂ ಇತ್ತು. ಸಂಬಳದ ರಜೆ ಇರುವವರಿಗೆ ಅದು ಸಲಹೆ, ದಿನದ ದುಡಿಮೆಯಲ್ಲೇ ಗಾಡಿಯ ಕಂತು ಕಟ್ಟುವವನಿಗೆ ಅದು ದಂಡ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತುಗಳನ್ನು ಮುಂದೂಡಲು ಅವಕಾಶ ಕೊಟ್ಟಿತು, ಆದರೆ ಬಡ್ಡಿ ಓಡುತ್ತಲೇ ಇತ್ತು. ರಾಜ್ಯ ಸರ್ಕಾರ 2020ರ ಮೇ ತಿಂಗಳಲ್ಲಿ ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಗೆ 5000 ರೂಪಾಯಿ, ಮರುವರ್ಷ 3000 ರೂಪಾಯಿ ಘೋಷಿಸಿತು. ಅದನ್ನು ಪಡೆಯಲು ಸರ್ಕಾರದ ಜಾಲತಾಣವಾದ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕಿತ್ತು, ಸೈಬರ್ ಸೆಂಟರ್‌ಗಳೇ ಮುಚ್ಚಿದ್ದಾಗ ನಮ್ಮ ಚಾಲಕರಲ್ಲಿ ಕೆಲವರು ಆಫೀಸಿಗೆ ಬಂದು ಅರ್ಜಿ ತುಂಬಿಸಿಕೊಂಡರು. ನಾವು ಗುತ್ತಿಗೆದಾರರ ಒಪ್ಪಂದಕ್ಕೆ ಒಂದು ಷರತ್ತನ್ನು ಸೇರಿಸಲು ಸಂಸ್ಥೆಯನ್ನು ಒಪ್ಪಿಸಿದೆವು. ಜ್ವರ ಅಥವಾ ಸಂಪರ್ಕದ ಕಾರಣಕ್ಕೆ ಮನೆಯಲ್ಲಿ ಉಳಿದ ಚಾಲಕನಿಗೆ ಆ ದಿನಗಳ ಕನಿಷ್ಠ ಡ್ಯೂಟಿ ಹಣ ಸಿಗಬೇಕು, ಅದನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ಅಲ್ಲಿಯವರೆಗೆ ತಮಗೆ ಜ್ವರವಿದೆ ಎಂದು ತಾವಾಗಿಯೇ ಹೇಳದಿದ್ದ ಚಾಲಕರು, ಆಮೇಲೆ ಬೆಳಗ್ಗೆಯೇ ಫೋನ್ ಮಾಡಿ ತಿಳಿಸತೊಡಗಿದರು. ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರಿನಿಂದ ಇಂಥ ಪರಿಣಾಮ ಆಗಿರಲಿಲ್ಲ.

ಚಾಲಕನ ಕೈಗೆ ಕೊಡಬೇಕಾದ ಇನ್ನೊಂದು ಸಾಧನವೆಂದರೆ ಬೇಡವೆನ್ನುವ ಹಕ್ಕು. ಊಬರ್ 2020ರ ಮೇ ತಿಂಗಳಲ್ಲಿ ಚಾಲಕರು ಮಾಸ್ಕ್ ಧರಿಸಿದ ಸೆಲ್ಫಿಯನ್ನು ಕಳಿಸಿದ ಮೇಲೆಯೇ ಟ್ರಿಪ್ ಸಿಗುವ ವ್ಯವಸ್ಥೆ ತಂದಿತು. ಪ್ರಯಾಣಿಕರಿಂದ ಅಂಥ ಸೆಲ್ಫಿ ಕೇಳತೊಡಗಿದ್ದು ತಿಂಗಳುಗಳ ನಂತರ, ಅದೂ ಹಿಂದೆ ಮಾಸ್ಕ್ ಹಾಕಿರಲಿಲ್ಲ ಎಂದು ಚಾಲಕರಿಂದ ದೂರು ಬಂದವರಿಂದ ಮಾತ್ರ. ಮಾಸ್ಕಿಲ್ಲದವರನ್ನು, ಕಿಟಕಿ ಇಳಿಸಲು ಒಪ್ಪದವರನ್ನು ಹತ್ತಿಸಿಕೊಳ್ಳಲು ನಿರಾಕರಿಸಿದ ಚಾಲಕನ ರೇಟಿಂಗ್ ಆಗಲಿ ಇನ್ಸೆಂಟಿವ್ ಆಗಲಿ ಕಡಿಮೆಯಾಗಕೂಡದು, ಮತ್ತು ಅವನು ಅಲ್ಲಿಯವರೆಗೆ ಖಾಲಿ ಓಡಿಸಿದ ದೂರದ ಹಣ ಆ ಪ್ರಯಾಣಿಕರಿಂದಲೇ ಬರಬೇಕು. ನಮ್ಮ ಕ್ಯಾಬುಗಳಲ್ಲಿ ಇದನ್ನು ಜಾರಿಗೆ ತಂದಾಗ ಮೊದಲ ವಾರ ದೂರುಗಳು ಬಂದವು. ದೂರು ಕೊಟ್ಟವರಿಗೆ ನಾನು ಸೂಚನಾ ಪತ್ರದ ಆ ಸಾಲನ್ನು ತೋರಿಸಿ, ಮರುದಿನದ ಪಿಕಪ್ ಸಮಯವನ್ನು ಹೇಳಿ ಕಳಿಸುತ್ತಿದ್ದೆ.